ಸ್ಕೂಲ್ ಮಕ್ಕಳಿಗೆ ನಿಸರ್ಗಧಾಮದಲ್ಲಿ ಗೈಡ್ ಜೊತೆ ಪ್ರೋಗ್ರಾಮ್: ಅರ್ಧ ದಿನದಲ್ಲಿ ಏನಿಟ್ಕೋಬೇಕು, ಏನ್ ಬಿಡ್ಬೇಕು?

ಐದನೇಕ್ಲಾಸ್‌ಟೀಚರ್:

ಎಲ್ರಿಗೂ ನಮಸ್ಕಾರ. ನಾನು ಐದನೇ ಕ್ಲಾಸಿನ ಮಕ್ಕಳಿಗೆ ಪರಿಸರ ಪಾಠ ಮಾಡ್ತೀನಿ. ಈ ವರ್ಷ ಎರಡೂ ಸೆಕ್ಷನ್ ಮಕ್ಕಳನ್ನ ಒಂದು ನಿಸರ್ಗಧಾಮಕ್ಕೆ ಕರ್ಕೊಂಡು ಹೋಗೋದು ಅಂತ ತೀರ್ಮಾನ ಆಗಿದೆ, ಸ್ವಲ್ಪ ಕಾಡು, ಒಂದು ಕೆರೆ, ಪಕ್ಕದಲ್ಲಿ ಹುಲ್ಲುಗಾವಲು ಇರೋ ಜಾಗ, ಸ್ಕೂಲ್ ಮಕ್ಕಳಿಗೆ ಅಂತಾನೇ ಅಲ್ಲಿನ ಗೈಡ್‌ಗಳು ಪ್ರೋಗ್ರಾಮ್ ನಡೆಸ್ತಾರೆ. ಅವರು ಕಳಿಸಿರೋ ಪಟ್ಟಿ ನೋಡಿ ನಂಗೆ ಯೋಚನೆ ಶುರುವಾಗಿದೆ. ಅರ್ಧ ದಿನದೊಳಗೆ ಪಕ್ಷಿ ವೀಕ್ಷಣೆ, ಚಿಟ್ಟೆ, ಮರಗಳ ಪರಿಚಯ, ಕೆರೆ ಜೀವಿಗಳು, ಒಂದು ವಿಡಿಯೋ, ಕ್ವಿಜ್, ಡ್ರಾಯಿಂಗ್, ಕೊನೇಗೆ ಎಲ್ರೂ ನಿಂತು ಪ್ರತಿಜ್ಞೆ. ಇಷ್ಟನ್ನೂ ಮುಗಿಸೋಕೆ ಹೋದ್ರೆ ಮಕ್ಕಳು ಒಂದನ್ನಾದ್ರೂ ಸರಿಯಾಗಿ ನೋಡ್ತಾರಾ ಅನ್ನೋದೇ ನನ್ನ ಚಿಂತೆ.

ಇದನ್ನ ಬದಲಾಯಿಸಿ ಅಂತ ಅವರನ್ನ ಕೇಳಬಹುದಾ, ಕೇಳಿದ್ರೆ ಏನನ್ನ ಇಟ್ಕೊಳ್ಳೋದು? ಒಬ್ಬ ಗೈಡ್‌ಗೆ ಎಷ್ಟು ಮಕ್ಕಳು ಇದ್ರೆ ಸರಿ? ಹೋಗೋಕೆ ಮುಂಚೆ ಕ್ಲಾಸಲ್ಲಿ ಏನಾದ್ರೂ ತಯಾರಿ ಮಾಡಿಸಬೇಕಾ ಅಥವಾ ಅಲ್ಲೇ ಹೊಸದಾಗಿ ನೋಡ್ಲಿ ಅಂತ ಬಿಡ್ಬೇಕಾ? ಇನ್ನೊಂದು, ಕ್ಲಾಸಲ್ಲಿ ಒಬ್ಬ ಹುಡುಗ ವೀಲ್‌ಚೇರಲ್ಲಿ ಬರ್ತಾನೆ, ಮತ್ತೆ ಹುಳ ಹುಪ್ಪಟೆ ಕಂಡ್ರೆ ಚೀರೋ ಮಕ್ಕಳು ಕೆಲವರಿದ್ದಾರೆ. ಅವರೂ ಖುಷಿಯಾಗಿ ಬರಬೇಕು ಅನ್ನೋದು ನನ್ನಾಸೆ. ಅನುಭವ ಇರೋರು ದಯವಿಟ್ಟು ಹೇಳಿ.

ತರಗೆಲೆ:

ಮೇಡಂ ನಮಸ್ತೆ. ನಾನು ಇಂಥದ್ದೇ ಜಾಗದಲ್ಲಿ ಗೈಡ್ ಕೆಲಸ ಮಾಡೋನು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಮೊದಲನೇದಾಗಿ, ಖಂಡಿತ ಕೇಳಿ. ಆ ಪಟ್ಟಿ ಅಷ್ಟು ಉದ್ದ ಇರೋದಕ್ಕೆ ಒಂದು ಕಾರಣ ಸ್ಕೂಲಿನವರೇ "ಇನ್ನೇನೇನಿದೆ" ಅಂತ ಕೇಳೋದು. ಟೀಚರ್ ಒಬ್ರು ಫೋನ್ ಮಾಡಿ "ನಮಗೆ ಎರಡೇ ಸಾಕು, ಆದ್ರೆ ನಿಧಾನಕ್ಕೆ ಬೇಕು" ಅಂದ್ರೆ ನಮ್ಮಂಥೋರಿಗೆ ಎಷ್ಟು ಖುಷಿ ಆಗುತ್ತೆ ಗೊತ್ತಾ. ವಿಡಿಯೋ ಮತ್ತೆ ಕ್ವಿಜ್ ಎರಡನ್ನೂ ತೆಗೆದುಬಿಡಿ, ಅವೆರಡೂ ಕ್ಲಾಸ್‌ರೂಮಲ್ಲೇ ಮಾಡಬಹುದು, ಕಾಡಿನ ಬಾಗಿಲಿಗೆ ಬಂದು ಮಕ್ಕಳನ್ನ ಕತ್ತಲೆ ಕೋಣೇಲಿ ಕೂರಿಸೋದ್ಯಾಕೆ. ಪ್ರತಿಜ್ಞೆ ಬಗ್ಗೆಯೂ ನನ್ನ ಅಭಿಪ್ರಾಯ ಅದೇ, ಮಕ್ಕಳು ಮಾತು ಕೊಡೋಕೆ ಮುಂಚೆ ಅವರಿಗೆ ಇಷ್ಟ ಆಗೋಕೆ ಟೈಮ್ ಕೊಡಬೇಕು.

ಆಮೇಲೆ ನಿಮ್ಮ ಬಸ್ಸು ಎಷ್ಟು ಹೊತ್ತಿಗೆ ಬಂದು ಸೇರುತ್ತೆ ಅನ್ನೋದ್ರ ಮೇಲೆ ಎಲ್ಲಾ ನಿಂತಿದೆ, ಇದನ್ನ ಯಾರೂ ಲೆಕ್ಕಕ್ಕೇ ತಗೊಳಲ್ಲ. ಸ್ಕೂಲ್ ಬಸ್ಸು ಸಾಮಾನ್ಯವಾಗಿ ಬರೋದೇ ಹತ್ತು ಹತ್ತೂವರೆಗೆ. ಅಷ್ಟೊತ್ತಿಗೆ ಹಕ್ಕಿಗಳ ಬೆಳಗಿನ ಗಲಾಟೆ ಮುಗಿದಿರುತ್ತೆ, ಬಿಸಿಲು ಏರಿದ ಹಾಗೆ ಅವು ಎಲೆ ಮರೆಗೆ ಹೋಗಿ ಸುಮ್ಮನಾಗ್ತವೆ, ಆ ಹೊತ್ತಲ್ಲಿ ಐವತ್ತು ಮಕ್ಕಳನ್ನ ನಿಲ್ಲಿಸಿ ಪಕ್ಷಿ ವೀಕ್ಷಣೆ ಅಂದ್ರೆ ಕಾಣೋದು ಕಾಗೆ, ಪಾರಿವಾಳ ಅಷ್ಟೇ, ಮಕ್ಕಳಿಗೂ ಬೇಜಾರು ಗೈಡಿಗೂ ಬೇಜಾರು. ಆದ್ರೆ ಅದೇ ಹೊತ್ತು ಚಿಟ್ಟೆಗಳಿಗೆ, ಏರೋಪ್ಲೇನ್ ಚಿಟ್ಟೆಗಳಿಗೆ ಹೇಳಿ ಮಾಡಿಸಿದ ಟೈಮು. ಅವುಗಳ ಮೈ ಬಿಸಿಯಾಗದೆ ರೆಕ್ಕೆ ಸ್ನಾಯು ಸರಿಯಾಗಿ ಕೆಲಸ ಮಾಡಲ್ಲ, ಅದಕ್ಕೇ ಬೆಳಗ್ಗೆ ಚಿಟ್ಟೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸ್ತಾ ಕೂತಿರುತ್ತೆ. ಇದನ್ನ ಹೇಳಿ ಸುಮ್ಮನೆ ಕಾಯೋಕೆ ಬಿಟ್ರೆ ಮಕ್ಕಳೇ ಹುಡುಕಿ ತೋರಿಸ್ತಾರೆ. ಹಕ್ಕಿ ನೋಡ್ಲೇಬೇಕು ಅಂದ್ರೆ ಬೆಳಕು ಹರಿಯೋ ಹೊತ್ತಿಗೆ ಬನ್ನಿ, ಇಲ್ಲಾಂದ್ರೆ ಹಕ್ಕಿ ಬಿಟ್ಟು ಕೆರೆ ಮತ್ತೆ ನೆಲ ಇಟ್ಕೊಳ್ಳಿ.

ನೆಲ ಅಂದ್ರೆ ನಿಜವಾಗ್ಲೂ ನೆಲ. ಒಂದು ಮೀಟರ್ ಉದ್ದ ಒಂದು ಮೀಟರ್ ಅಗಲ ದಾರ ಕಟ್ಟಿ ನಾಲ್ಕು ಮಕ್ಕಳನ್ನ ಅದರ ಸುತ್ತ ಕೂರಿಸಿ ಕೈಗೆ ಒಂದು ಭೂತಗನ್ನಡಿ ಕೊಟ್ರೆ ಅರ್ಧ ಗಂಟೆ ಹೇಗೆ ಹೋಯ್ತು ಅಂತಾನೇ ಗೊತ್ತಾಗಲ್ಲ. ತರಗೆಲೆ ಮೇಲಿಂದ ಒಂದೊಂದೇ ಪದರ ತೆಗೀತಾ ಹೋದ್ರೆ ಮೇಲೆ ಪೂರ್ತಿ ಎಲೆ, ಅದರ ಕೆಳಗೆ ನರ ಮಾತ್ರ ಉಳಿದ ಎಲೆ, ಅದರ ಕೆಳಗೆ ಕಪ್ಪು ಪುಡಿ, ಕೊನೇಗೆ ಮಣ್ಣು. ಎಲೆ ಮಣ್ಣಾಗೋ ಇಡೀ ಪಾಠ ಅಲ್ಲೇ ಅಂಗೈಯಗಲದಲ್ಲಿದೆ. ಮಧ್ಯೆ ಬಿಳೀ ಎಳೆ ಎಳೆಯಾಗಿ ಶಿಲೀಂಧ್ರ ಕಾಣುತ್ತೆ, ಸಹಸ್ರಪದಿ ಸಿಗುತ್ತೆ, ಅದರ ಒಂದೊಂದು ಉಂಗುರಕ್ಕೆ ಎರಡೆರಡು ಜೊತೆ ಕಾಲು, ಶತಪದಿಗೆ ಒಂದೊಂದೇ ಜೊತೆ, ಮೊದಲನೇದು ಕೊಳೆತ ಎಲೆ ತಿನ್ನುತ್ತೆ ಎರಡನೇದು ಬೇಟೆ ಆಡುತ್ತೆ. ಶತಪದಿ ಕಚ್ಚುತ್ತೆ, ಕೈ ಹಾಕಬಾರದು, ಇದನ್ನ ಶುರುವಲ್ಲೇ ಹೇಳ್ಬೇಕು.

ಇರುವೆ ಸಾಲು ಸಿಕ್ಕಿದ್ರಂತೂ ಬಿಡ್ಲೇಬೇಡಿ. ಸಾಲಿಗೆ ಅಡ್ಡಲಾಗಿ ನೆಲದ ಮೇಲೆ ಒಂದೇ ಒಂದು ಸಲ ಬೆರಳಿಂದ ಒರೆಸಿ, ಇರುವೆ ಬಂದು ಅಲ್ಲಿಗೆ ನಿಂತು, ಆಚೆ ಈಚೆ ತಿರುಗಿ, ದಾರಿ ಹುಡುಕೋಕೆ ಶುರು ಮಾಡ್ತವೆ, ಯಾಕಂದ್ರೆ ಅವು ನಡೀತಿದ್ದದ್ದು ಮುಂಚೆ ಹೋದ ಇರುವೆಗಳು ನೆಲಕ್ಕೆ ಬಿಟ್ಟ ವಾಸನೆ ಹಿಡ್ಕೊಂಡು. ಸ್ವಲ್ಪ ಹೊತ್ತಿಗೆ ಒಂದು ದಾಟುತ್ತೆ, ಆಮೇಲೆ ಇನ್ನೊಂದು, ಸಾಲು ಮತ್ತೆ ಕೂಡ್ಕೊಳುತ್ತೆ. ನಾನು ಬಾಯಿ ಬಿಡೋಕೆ ಮುಂಚೇನೇ "ಅಂಕಲ್ ವಾಸನೆ ಇರ್ಬೇಕು" ಅಂತ ಹೇಳೋ ಮಕ್ಕಳು ಇರ್ತಾರೆ, ಆ ಕ್ಷಣಕ್ಕೋಸ್ಕರ ನಾನು ಈ ಕೆಲಸದಲ್ಲಿರೋದು.

ಗುಂಪಿನ ವಿಷ್ಯ. ಒಬ್ಬ ಗೈಡಿಗೆ ಹತ್ತರಿಂದ ಹನ್ನೆರಡು ಮಕ್ಕಳು, ಜೊತೆಗೆ ಒಬ್ಬ ಟೀಚರ್. ಹದಿನೈದು ದಾಟಿದ್ರೆ ಹಿಂದಿನ ಮಕ್ಕಳಿಗೆ ಕಾಣೋದು ಮುಂದಿನವರ ಬ್ಯಾಗ್ ಮಾತ್ರ. ಅಲ್ಲಿ ಗೈಡ್‌ಗಳು ಕಡಿಮೆ ಇದ್ರೆ ಎರಡು ಸೆಕ್ಷನ್ ಬೇರೆ ಬೇರೆ ದಿನ ಬರೋದೇ ವಾಸಿ.

ಹಳೇಬೆಂಚು:

ತರಗೆಲೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನೂ ಟೀಚರೇ, ನಾನು ತಯಾರಿ ಬಗ್ಗೆ ಮಾತ್ರ ಹೇಳ್ತೀನಿ.

ತಯಾರಿ ಮಾಡಿಸಿ, ಆದ್ರೆ ಪಾಠ ಮಾಡಿ ಕಳಿಸ್ಬೇಡಿ. ನನ್ನ ಲೆಕ್ಕದಲ್ಲಿ ಎರಡೇ ತಯಾರಿ ಬೇಕಾಗಿರೋದು. ಒಂದು, ಸುಮ್ಮನೆ ಕೂರೋದನ್ನ ಅಭ್ಯಾಸ ಮಾಡಿಸೋದು. ಮಕ್ಕಳಿಗೆ ಒಂದು ಹಾಳೆ ಕೊಟ್ಟು ನಡುವೆ ಒಂದು ಗುರುತು ಹಾಕಿಸಿ, ಅದು ಅವರು ಕೂತಿರೋ ಜಾಗ, ಕಣ್ಮುಚ್ಚಿ ಕೇಳಿ ಯಾವ ಕಡೆಯಿಂದ ಶಬ್ದ ಬಂತೋ ಆ ಕಡೆ ಹಾಳೇಲಿ ಏನಾದ್ರೂ ಗೀಟು ಹಾಕ್ಬೇಕು, ದೂರದ್ದು ದೂರಕ್ಕೆ ಹತ್ತಿರದ್ದು ಹತ್ತಿರಕ್ಕೆ. ಸ್ಕೂಲ್ ಮೈದಾನದಲ್ಲಿ ಒಂದೆರಡು ಸಲ ಮಾಡಿಸಿದ್ರೆ ನಿಸರ್ಗಧಾಮದಲ್ಲಿ "ಸದ್ದು ಮಾಡ್ಬೇಡಿ" ಅಂತ ಕೂಗೋ ಅವಶ್ಯಕತೆಯೇ ಬರಲ್ಲ, ಕೇಳೋದೇ ಅವರ ಕೆಲಸ ಆಗಿರುತ್ತೆ. ಎರಡನೇದು ಬೈನಾಕ್ಯುಲರ್ ಹಿಡಿಯೋದು. ಅಲ್ಲಿಗೆ ಹೋಗಿ ಮೊದಲ ಸಲ ಕೈಗೆ ಕೊಟ್ರೆ ಅರ್ಧ ಟೈಮು "ಏನೂ ಕಾಣ್ತಿಲ್ಲ ಮಿಸ್" ಅನ್ನೋದ್ರಲ್ಲೇ ಹೋಗುತ್ತೆ. ದೊಡ್ಡೋರ ಬೈನಾಕ್ಯುಲರ್ ಎಷ್ಟು ಮಡಿಸಿದ್ರೂ ಚಿಕ್ಕ ಮಕ್ಕಳ ಎರಡು ಕಣ್ಣಿನ ಅಂತರಕ್ಕೆ ಬರದೇ ಇರಬಹುದು, ಅದನ್ನ ಮುಂಚೇನೇ ನೋಡ್ಕೊಳ್ಳಿ. ಮೊದಲು ಬರಿಗಣ್ಣಲ್ಲಿ ವಸ್ತು ನೋಡಿ, ಕಣ್ಣು ಅದರ ಮೇಲಿಂದ ತೆಗೀದೆ ಬೈನಾಕ್ಯುಲರ್ ಎತ್ತಿ ಕಣ್ಣಿಗೆ ತರೋದು, ಇಷ್ಟು ಕಲಿಸಿದ್ರೆ ಸಾಕು. ಎಂಟು ಪಟ್ಟು ದೊಡ್ಡದಾಗಿ ತೋರಿಸೋದು ಸಾಕು, ಅದಕ್ಕಿಂತ ಜಾಸ್ತಿ ಆದ್ರೆ ಕೈ ಅಲುಗೋದೂ ಅಷ್ಟೇ ದೊಡ್ಡದಾಗಿ ಕಾಣುತ್ತೆ.

ವಾಪಸ್ ಬಂದ್ಮೇಲೆ ಪ್ರಬಂಧ ಬರೆಸ್ಬೇಡಿ ಅಂತ ಕೈ ಮುಗಿದು ಕೇಳ್ಕೋತೀನಿ. "ಉತ್ತರ ಸಿಗದ ಪ್ರಶ್ನೆ ಒಂದು ಬರ್ಕೊಂಡು ಬನ್ನಿ" ಅನ್ನಿ. ಆ ಪ್ರಶ್ನೆಗಳಿಂದ ಮುಂದಿನ ಎಷ್ಟೋ ಕ್ಲಾಸು ತಾನಾಗೇ ನಡೆಯುತ್ತೆ.

ಕಲ್ಲುಹೂವು:

ಒಂದು ವಿಷಯ ಯಾರೂ ಹೇಳ್ಲಿಲ್ಲ ಅದಕ್ಕೆ ಬರೀತಿದೀನಿ, ಗಿಡಗಳು. ಪ್ರಾಣಿ ಪಕ್ಷಿ ಕೀಟ ಅಂತ ಓಡೋ ಭರದಲ್ಲಿ ಗಿಡ ಮರ ಎಲ್ಲಾ ಬರೀ ಹಸಿರು ಪರದೆ ಆಗ್ಬಿಡುತ್ತೆ. ವಾಂಡರ್ಸೀ ಮತ್ತೆ ಶುಸ್ಲರ್ ಅಂತ ಅಮೆರಿಕದ ಇಬ್ಬರು ಸಸ್ಯಶಾಸ್ತ್ರ ಶಿಕ್ಷಣದವರು 1999ರಲ್ಲೇ ಇದರ ಬಗ್ಗೆ ಬರೆದು ಇದನ್ನ ಸಸ್ಯಗುರುಡು ಅಂತ ಕರೆದಿದ್ರು, ಕಣ್ಣೆದುರೇ ಇರೋ ಗಿಡ ನಮ್ಮ ಗಮನಕ್ಕೇ ಬರದೇ ಇರೋದು. ಗಿಡ ಓಡಿ ಹೋಗಲ್ಲ, ಬಸ್ಸು ಲೇಟಾದ್ರೂ ಅಲ್ಲೇ ಇರುತ್ತೆ, ಮಕ್ಕಳ ಪ್ರೋಗ್ರಾಮಿಗೆ ಇದಕ್ಕಿಂತ ಒಳ್ಳೇದು ಏನಿದೆ ಹೇಳಿ.

ಆದ್ರೆ ಹೆಸರು ಹೇಳ್ಕೊಂಡು ಹೋಗೋದು ಬೇಡ. ಎಲೆ ಮೇಲೆ ಬಿಳೀ ಸುರುಳಿ ಸುರುಳಿ ಗೆರೆ ನೋಡಿರ್ತೀರಲ್ಲ, ರಂಗೋಲಿ ಎಳೆದ ಹಾಗೆ, ಅದು ಎಲೆಯ ಮೇಲ್ಪದರ ಕೆಳಪದರದ ಮಧ್ಯೆ ಒಂದು ಮರಿಹುಳು ತಿಂತಾ ಹೋದ ಸುರಂಗ. ಒಂದು ತುದಿ ಕೂದಲೆಳೆಯಷ್ಟು ಸಣ್ಣಗಿರುತ್ತೆ, ಹೋಗ್ತಾ ಹೋಗ್ತಾ ಅಗಲ ಆಗುತ್ತೆ, ಯಾಕಂದ್ರೆ ತಿಂತಾ ತಿಂತಾ ಹುಳ ಬೆಳೀತಿತ್ತು! ಎಲ್ಲಿ ಹುಟ್ತು, ಎಲ್ಲಿ ಊಟ ಮುಗಿಸ್ತು ಅಂತ ಮಕ್ಕಳು ಬೆರಳಿಟ್ಟು ಓದಬಹುದು. ಆಮೇಲೆ ಕೆಲವು ಎಲೆ ಮೇಲೆ ಗಂಟು ಗಂಟು ಇರುತ್ತೆ, ಸಣ್ಣ ಕೀಟವೋ ನುಸಿಯೋ ಗಿಡದ ಕೈಯಲ್ಲೇ ತನಗೆ ಮನೆ ಕಟ್ಟಿಸ್ಕೊಂಡಿರೋದು ಅದು. ಬಂಡೆ ಮೇಲಿನ ಕಲ್ಲುಹೂವು, ಅದು ಒಂದು ಗಿಡವೇ ಅಲ್ಲ, ಶಿಲೀಂಧ್ರ ಮತ್ತೆ ಪಾಚಿ ಎರಡೂ ಸೇರಿ ಬಾಳ್ತಿರೋದು. ಪಾಚಿ ಬಿಸಿಲಲ್ಲಿ ಆಹಾರ ಮಾಡುತ್ತೆ, ಶಿಲೀಂಧ್ರ ಆಸರೆ ಕೊಟ್ಟು ತೇವ ಹಿಡಿದಿಡುತ್ತೆ. ಬಂಡೆಗೆ ಅಂಟಿ ಬೆಳೆಯೋ ಎಷ್ಟೋ ಜಾತಿಗಳು ವರ್ಷಕ್ಕೆ ಒಂದೆರಡು ಮಿಲಿಮೀಟರ್ ಕೂಡ ಬೆಳೆಯಲ್ಲ. ಅಂಗೈಯಗಲದ ಕಲ್ಲುಹೂವಿಗೆ ನಿಮ್ಮ ಅಜ್ಜಿಗಿಂತ ಜಾಸ್ತಿ ವಯಸ್ಸಾಗಿರಬಹುದು ಅಂದ್ರೆ ಯಾವ ಮಗುವೂ ಅದನ್ನ ಕೆರೆಯಲ್ಲ.

ಎರಡುಚಕ್ರ:

ಮೇಡಂ, ನನ್ನ ಮಗಳು ವೀಲ್‌ಚೇರ್ ಬಳಸ್ತಾಳೆ, ಆ ಹುಡುಗನ ಬಗ್ಗೆ ಕೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಹೆಚ್ಚಿನ ಕಡೆ ಹೇಳೋದು "ಅವಳು ಇಲ್ಲೇ ಕೂತಿರ್ಲಿ, ನಾವು ಒಂದು ರೌಂಡ್ ಹೋಗಿ ಬರ್ತೀವಿ" ಅಂತ. ಅದು ತುಂಬಾ ನೋವು ಕೊಡುತ್ತೆ, ಮಗು ಹೇಳ್ಕೊಳಲ್ಲ ಅಷ್ಟೇ.

ದಯವಿಟ್ಟು ನೀವು ಮುಂಚೆ ಒಂದು ಸಲ ಹೋಗಿ ದಾರಿ ನೋಡಿ ಬನ್ನಿ. "ದಾರಿ ಚೆನ್ನಾಗಿದೆ" ಅನ್ನೋ ಮಾತು ನಂಬ್ಬೇಡಿ, ನಡೆಯೋರಿಗೆ ಚೆನ್ನಾಗಿರೋ ದಾರಿ ಬೇರೆ. ಮರದ ಬೇರು ಅಡ್ಡ ಇದೆಯಾ, ಸಡಿಲ ಮರಳು ಜಲ್ಲಿ ಇದೆಯಾ, ಗೇಟು ಎಷ್ಟು ಅಗಲ, ಟಾಯ್ಲೆಟ್ ಬಾಗಿಲಿಗೆ ಮೆಟ್ಟಿಲಿದೆಯಾ, ಇಷ್ಟು ನೋಡಿ. ಆಮೇಲೆ ಮುಖ್ಯವಾದ ಮಾತು, ಅವನಿಗೆ ಅಂತ ಬೇರೆ ದಾರಿ ಬೇಡ, ಅವನು ಹೋಗೋಕಾಗೋ ದಾರೀನೇ ಇಡೀ ಗುಂಪಿನ ದಾರಿ ಆಗ್ಲಿ. ತರಗೆಲೆ ಅವರು ಹೇಳಿದ ಹಾಗೆ ನಿಧಾನದ ಪ್ರೋಗ್ರಾಮ್ ಆದ್ರೆ ದೂರ ಹೋಗೋದೇ ಇಲ್ವಲ್ಲ. ನೆಲದ ತರಗೆಲೇನ ಒಂದು ಬಿಳೀ ಟ್ರೇಗೆ ಹಾಕಿ ಮೇಜಿನ ಮೇಲೆ ಇಟ್ರೆ ಎಲ್ರೂ ಸುತ್ತ ನಿಂತು ನೋಡಬಹುದು. ಕೆರೆ ನೀರೂ ಹಾಗೇ.

ಹುಳಕ್ಕೆ ಹೆದರೋ ಮಕ್ಕಳ ಬಗ್ಗೆ, ನನ್ನ ಮಗಳೂ ಜೇಡ ಅಂದ್ರೆ ನಡುಗ್ತಿದ್ಲು. ಮುಟ್ಟು ಮುಟ್ಟು ಅಂತ ಯಾರೂ ಬಲವಂತ ಮಾಡಬಾರದು. ಒಬ್ಬ ಗೈಡ್ ಅವಳಿಗೆ ಕೈಗೊಂದು ನೀರಿನ ಸ್ಪ್ರೇ ಕೊಟ್ಟು, ದೂರದಿಂದ ಬಲೆ ಮೇಲೆ ಮಂಜಿನ ಥರ ಸಣ್ಣಗೆ ಹೊಡೆಯೋಕೆ ಹೇಳಿದ್ರು. ಅಲ್ಲೀವರೆಗೂ ಕಾಣದೇ ಇದ್ದ ಬಲೆ ಪೂರ್ತಿ ಎದ್ದು ಬಂತು. ಅವಳು ಜೇಡನ್ನ ಬಿಟ್ಟು ಬಲೇನೇ ನೋಡ್ತಾ ಇದ್ಲು, ಆಮೇಲೆ ಅವಳೇ "ಇದನ್ನ ಕಟ್ಟಿದೋರೆಲ್ಲಿ" ಅಂತ ಕೇಳಿದ್ಲು.

ಐದನೇಕ್ಲಾಸ್‌ಟೀಚರ್:

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಾನು ಅವರಿಗೆ ಫೋನ್ ಮಾಡ್ದೆ, ಬದಲಾಯಿಸೋಕೆ ಒಪ್ಕೊಂಡ್ರು, ಕೆರೆ ಮತ್ತೆ ನೆಲ ಎರಡೇ ಇಟ್ಕೊಂಡು ಒಂದೊಂದು ಸೆಕ್ಷನ್ ಬೇರೆ ದಿನ ಅಂತ ಆಯ್ತು. ದಾರಿ ನೋಡೋಕೆ ಈ ವಾರ ಹೋಗ್ತಿದೀನಿ.

ಇನ್ನೆರಡು ಪ್ರಶ್ನೆ ಇದೆ. ಕೆರೆಯಲ್ಲಿ ನಿಜವಾಗ್ಲೂ ಏನು ಮಾಡಿಸ್ತಾರೆ, ನೀರಿನ ಹತ್ತಿರ ಮಕ್ಕಳನ್ನ ಬಿಡೋಕೆ ನಂಗೆ ಭಯ. ಮತ್ತೆ ಹೆಸರು ಹೇಳೋದು ಬೇಡ ಅಂತ ಕಲ್ಲುಹೂವು ಅವರು ಹೇಳಿದ್ರು, ಆದ್ರೆ ಮಕ್ಕಳು ಮೊದಲು ಕೇಳೋದೇ "ಇದರ ಹೆಸರೇನು" ಅಂತ ಅಲ್ವಾ? ಫೋನಲ್ಲಿ ಫೋಟೋ ತೆಗೆದ್ರೆ ಹೆಸರು ಹೇಳೋ ಆ್ಯಪ್ ಇದೆಯಂತೆ, ಅದನ್ನ ಬಳಸ್ಬಹುದಾ?

ಹಳೇಬೆಂಚು:

ಹೆಸರಿನ ವಿಷ್ಯದಲ್ಲಿ ನಾನು ಕಲ್ಲುಹೂವು ಅವರ ಮಾತು ಪೂರ್ತಿ ಒಪ್ಪಲ್ಲ. ಹೆಸರು ಗೊತ್ತಾದ್ರೆ ಮಗು ಮನೇಗೆ ಹೋಗಿ ಅಮ್ಮನಿಗೆ ಹೇಳುತ್ತೆ, ಇನ್ನೊಂದು ಸಲ ಕಂಡಾಗ ಗುರುತು ಹಿಡಿಯುತ್ತೆ, ಹೆಸರಿಲ್ಲದ್ದು ಮರೆತು ಹೋಗುತ್ತೆ. ನಾನು ಮಾಡೋದು ಏನಂದ್ರೆ ಮೊದಲು ಮಕ್ಕಳೇ ನೋಡಿ ಒಂದು ಹೆಸರಿಡ್ಲಿ, ಯಾಕೆ ಆ ಹೆಸರು ಅಂತ ಹೇಳ್ಲಿ, ಆಮೇಲೆ ಗೈಡ್ ನಿಜವಾದ ಹೆಸರು ಹೇಳ್ಲಿ. ಹೆಸರಿಡ್ಬೇಕು ಅಂದ್ರೆ ಸರಿಯಾಗಿ ನೋಡ್ಲೇಬೇಕಲ್ಲ.

ಆ್ಯಪ್ ಬೇಕಂದ್ರೆ, ಜನ ತಾವು ಕಂಡ ಗಿಡ ಪ್ರಾಣಿಗಳ ಫೋಟೋ ಹಾಕೋ ಐನ್ಯಾಚುರಲಿಸ್ಟ್ ಅನ್ನೋ ವೆಬ್‌ಸೈಟ್‌ನವರದ್ದು ಸೀಕ್ ಅಂತ ಒಂದಿದೆ, ಅದಕ್ಕೆ ಅಕೌಂಟ್ ಮಾಡೋದು ಬೇಡ, ಮಕ್ಕಳ ಜೊತೆ ಬಳಸೋಕೆ ಸರಿ ಹೋಗುತ್ತೆ. ಆದ್ರೆ ಫೋನ್ ಟೀಚರ್ ಕೈಯಲ್ಲಿ ಒಂದೇ ಇರ್ಲಿ, ಕೊನೇ ಹತ್ತು ನಿಮಿಷಕ್ಕೆ ಮಾತ್ರ ಆಚೆ ಬರ್ಲಿ. ಅದು ಹೇಳೋ ಹೆಸರು ಎಲ್ಲಾ ಸಲ ಸರಿ ಇರಲ್ಲ ಅನ್ನೋದನ್ನೂ ಮಕ್ಕಳಿಗೆ ಹೇಳಿ.

ಕಲ್ಲುಹೂವು:

ಮಕ್ಕಳೇ ಹೆಸರಿಡೋದು ಚೆನ್ನಾಗಿದೆ ಸರ್, ಇದಕ್ಕೆ ನನ್ನ ತಕರಾರಿಲ್ಲ. ಗೈಡ್ ಬೋರ್ಡ್ ಓದಿದ ಹಾಗೆ ಮರದಿಂದ ಮರಕ್ಕೆ ಹೆಸರು ಒದರ್ತಾ ಹೋಗೋದು, ಮಕ್ಕಳು ಅದನ್ನ ತಲೆ ತಗ್ಗಿಸಿ ನೋಟ್‌ಬುಕ್ಕಲ್ಲಿ ಬರ್ಕೊಳೋದು, ಅದು ಬೇಡ ಅಂದೆ ಅಷ್ಟೇ. ಬರೆಯೋ ಮಗು ಮರವನ್ನ ನೋಡೇ ಇರಲ್ಲ.

ತರಗೆಲೆ:

ಕೆರೆ ಬಗ್ಗೆ ನಾನು ಹೇಳ್ತೀನಿ ಮೇಡಂ, ಭಯ ಇರೋದು ಒಳ್ಳೇದೇ. ಸರಿಯಾಗಿ ನಡೆಸೋ ಕಡೆ ಮಕ್ಕಳು ನೀರಿಗೆ ಇಳಿಯೋದೇ ಇಲ್ಲ. ಕಟ್ಟೆ ಅಥವಾ ಗಟ್ಟಿ ನೆಲ ಇರೋ, ನೀರು ಆಳ ಇಲ್ಲದ ಒಂದೇ ಜಾಗದಲ್ಲಿ ಗೈಡ್ ಉದ್ದ ಹಿಡಿಯ ಬಲೇನ ನೀರಿನ ಗಿಡಗಳ ಮಧ್ಯೆ ಆಡಿಸಿ ತೆಗೀತಾರೆ, ಬಲೆಯಲ್ಲಿ ಬಂದಿದ್ದನ್ನ ಕೆರೆ ನೀರೇ ತುಂಬಿದ ಬಿಳೀ ಟ್ರೇಗೆ ಹಾಕ್ತಾರೆ, ಟ್ರೇ ನೀರಿಂದ ದೂರ, ನೆರಳಲ್ಲಿ. ಮಕ್ಕಳ ಕೆಲಸ ಪೂರ್ತಿ ಟ್ರೇ ಹತ್ತಿರ. ದಡದ ಕಡೆ ಒಬ್ಬ ದೊಡ್ಡೋರು ಬರೀ ಮಕ್ಕಳನ್ನ ನೋಡ್ತಾ ನಿಂತಿರಬೇಕು, ಅವರು ಟ್ರೇ ಕಡೆ ತಿರುಗಲೂಬಾರದು. ಈ ವ್ಯವಸ್ಥೆ ಇದೆಯಾ ಅಂತ ಅವರನ್ನ ನೇರವಾಗಿ ಕೇಳಿ, ಇಲ್ಲ ಅಂದ್ರೆ ಕೆರೆ ಬಿಟ್ಟುಬಿಡಿ.

ಟ್ರೇಲಿ ಏರೋಪ್ಲೇನ್ ಚಿಟ್ಟೆಯ ಮರಿ ಸಿಗೋ ಸಾಧ್ಯತೆ ಇದೆ, ರೆಕ್ಕೆ ಇಲ್ಲ, ಕಂದು ಬಣ್ಣ, ನೋಡಿದ್ರೆ ಇದೇನಾ ಅದು ಅನ್ಸುತ್ತೆ. ಅದರ ಬಾಯಿ ಕೆಳಗೆ ಮಡಚಿಟ್ಟ ಕೈ ಥರದ ಒಂದು ಭಾಗ ಇದೆ, ಅದನ್ನ ಸರಕ್ಕನೆ ಮುಂದೆ ಚಾಚಿ ಬೇಟೆ ಹಿಡಿಯುತ್ತೆ, ಸೊಳ್ಳೆ ಮರಿ, ಕೆಲವೊಮ್ಮೆ ಗೊದಮೊಟ್ಟೆ ಕೂಡ. ಬೆಳೆದ ಮೇಲೆ ಗಿಡದ ಕಾಂಡ ಹತ್ತಿ ನೀರಿಂದ ಆಚೆ ಬಂದು, ಬೆನ್ನು ಸೀಳಿ ರೆಕ್ಕೆಯೋನು ಹೊರಗೆ ಬರ್ತಾನೆ, ಖಾಲಿ ಚರ್ಮ ಕಾಂಡಕ್ಕೇ ಅಂಟಿರುತ್ತೆ. ದಡದ ಜೊಂಡಲ್ಲಿ ಆ ಖಾಲಿ ಚರ್ಮ ಹುಡುಕೋದು ವೀಲ್‌ಚೇರಲ್ಲಿ ಕೂತ ಹುಡುಗನ ಕಣ್ಣೆತ್ತರಕ್ಕೆ ಸರಿಯಾಗಿ ಸಿಗುತ್ತೆ, ಕಟ್ಟೆ ಸಮತಟ್ಟಾಗಿದ್ರೆ ಅವನಿಗೇ ಮೊದಲು ಸಿಕ್ಕಿದ್ರೂ ಸಿಕ್ತು. ಇನ್ನು ಹಿಂದೆ ಮೂರು ಎಳೆ ಬಾಲ, ಹೊಟ್ಟೆ ಪಕ್ಕದಲ್ಲಿ ಅಲುಗಾಡೋ ಕಿವಿರು ಇರೋ ಸಣ್ಣ ಮರಿ ಸಿಕ್ಕಿದ್ರೆ ಅದು ಮೇಫ್ಲೈ ಅನ್ನೋ ಕೀಟದ ಮರಿ ಇರಬಹುದು. ಅವುಗಳಲ್ಲಿ ಹೆಚ್ಚಿನವಕ್ಕೆ ಕೊಳಕು ನೀರು, ಆಮ್ಲಜನಕ ಕಡಿಮೆ ಇರೋ ನೀರು ಆಗಿಬರಲ್ಲ, ಹಾಗಾಗಿ ಅವು ತುಂಬಾ ಇದ್ರೆ ನೀರು ಚೆನ್ನಾಗಿದೆ ಅಂತ ಅಂದಾಜು ಮಾಡಬಹುದು. ನೋಡಿ ಮುಗಿದ ತಕ್ಷಣ ಟ್ರೇನ ಅದೇ ಜಾಗದಲ್ಲಿ ನಿಧಾನಕ್ಕೆ ನೀರಿಗೆ ಬಗ್ಗಿಸ್ಬೇಕು, ಬಿಸಿಲಲ್ಲಿ ಟ್ರೇ ನೀರು ಬೇಗ ಕಾಯುತ್ತೆ, ಮರೀಬೇಡಿ.

ನೆಲದ ಕಡೆ ಬಿದ್ದ ಕೊರಡು, ಕಲ್ಲು ಎತ್ತೋದು ಗೈಡ್ ಮಾತ್ರ. ಎತ್ತುವಾಗ ನಮ್ಮ ಕಡೆಗೆ ಉರುಳಿಸಿ ಎತ್ತಬೇಕು, ಆಗ ಅಡಿಯಲ್ಲಿ ಹಾವೋ ಚೇಳೋ ಇದ್ರೆ ಆ ಕಡೆಯಿಂದ ಹೋಗುತ್ತೆ, ಕೊರಡು ನಮಗೂ ಅದಕ್ಕೂ ಮಧ್ಯೆ ಇರುತ್ತೆ. ಇದ್ದ ಹಾಗೇ ವಾಪಸ್ ಇಡ್ಬೇಕು. ಹಕ್ಕಿ ಕೂಗನ್ನ ಫೋನಲ್ಲಿ ಹಾಕಿ ಕರೆಯೋ ಗೈಡ್ ಸಿಕ್ಕಿದ್ರೆ ಬೇಡ ಅಂತ ಮರ್ಯಾದೆಯಿಂದ ಹೇಳಿ, ಬೇರೆ ಹಕ್ಕಿ ತನ್ನ ಜಾಗಕ್ಕೆ ಬಂತು ಅಂತ ಗೂಡಿನ ಹಕ್ಕಿ ಗೂಡು ಬಿಟ್ಟು ಬರುತ್ತೆ.

ಇನ್ನು ಹೊರಡೋ ಮುಂಚೆ ಅಲರ್ಜಿ, ಆಸ್ತಮಾ ಇರೋ ಮಕ್ಕಳ ಹೆಸರು ಬರೆದು ಗೈಡ್ ಕೈಗೆ ಕೊಡಿ, ಇನ್‌ಹೇಲರ್ ಬಸ್ಸಲ್ಲಿ ಬಿಡದೆ ಜೊತೇಲಿ ಇರ್ಲಿ. ಜೇನು ಕಚ್ಚಿದ್ರೆ ತೀವ್ರ ಅಲರ್ಜಿ ಆಗೋ ಮಗು ಇದ್ರೆ ಅಪ್ಪ ಅಮ್ಮನ ಜೊತೆ ಮಾತಾಡಿ, ಡಾಕ್ಟರ್ ಏನು ಕೊಟ್ಟಿದ್ದಾರೋ ಅದನ್ನ ನೀವೇ ಇಟ್ಕೊಳ್ಳಿ, ಹತ್ತಿರದ ಆಸ್ಪತ್ರೆ ಎಲ್ಲಿದೆ ಅಂತ ದಾರಿ ನೋಡೋಕೆ ಹೋದಾಗಲೇ ಕೇಳಿಟ್ಕೊಳ್ಳಿ. ಪೂರ್ತಿ ತೋಳಿನ ಶರ್ಟು, ಮುಚ್ಚಿದ ಶೂ, ಸೆಂಟು ಬೇಡ. ನೀರಿನ ಬಾಟಲ್ ಪ್ರತಿ ಮಗುವಿಗೂ ಇರ್ಲಿ. ನೀವು ಹೋಗಿ ಬಂದ್ಮೇಲೆ ಟ್ರೇಲಿ ಏನೇನು ಸಿಕ್ತು ಅಂತ ಇಲ್ಲಿ ಬರೀರಿ, ನಾನು ಕಾಯ್ತಿರ್ತೀನಿ.